ಬದುವಿನ ಬೇವು ಮೂಲೆ ಕಪಾಟಾಯಿತು

ಒಣಭೂಮಿ ರೈತರಿಗೆ ಬದುವಿನ ಬೇವು ಅಂದ್ರೆ ನೆರಳು, ಹಿಂಡಿ, ಕಷಾಯ. ಮರ ಬಿದ್ದರೆ ಮಾತ್ರ ಸೌದೆ. ಸೌದೆ ಲೆಕ್ಕದಲ್ಲೇ ಕೊಟ್ಟುಬಿಡ್ತೇವೆ. ಅದೇ ಮರ ಹಲಗೆಯಾದರೆ ಒಂದೆರಡು ತಲೆಮಾರು ಮನೆಯಲ್ಲಿ ನಿಲ್ಲುತ್ತದೆ.

ಚಳ್ಳಕೆರೆ ತಾಲ್ಲೂಕಿನ ನಮ್ಮ ಶೇಂಗಾ ಹೊಲದ ಬದುವಿನಲ್ಲಿ ಅಪ್ಪನ ಕಾಲದ ಬೇವು ಇತ್ತು. 2022ರ ಮೇ ತಿಂಗಳ ಗಾಳಿಮಳೆಗೆ ಬುಡಸಮೇತ ಉರುಳಿತು. ಸೌದೆ ವ್ಯಾಪಾರಿ ಬಂದು, "ಯಜಮಾನ್ರೆ, ಬೇವು ಒಲೆಗೇ ಲಾಯಕ್ಕು. ಮೂರು ಸಾವಿರ ಕೊಡ್ತೀನಿ" ಅಂದ. ಊರಿನ ಆಚಾರ್ರನ್ನು ಕರೆದು ತೋರಿಸಿದೆ. ಅವರು ಕೊಡಲಿಯಿಂದ ಒಂದು ಚಕ್ಕೆ ಎಬ್ಬಿಸಿ, "ಕೆಂಪು ತಿರುಳು ಚೆನ್ನಾಗೈತೆ. ಸೌದೆಗೆ ಕೊಡಬ್ಯಾಡಿ" ಅಂದರು. ಮನೆಯಾಕೆಗೆ ಬಿತ್ತನೆ ಕಾಳು ಇಡಲು ಒಂದು ಕಪಾಟು ಬೇಕಿತ್ತು. ನಮ್ಮದು ಚಿಕ್ಕ ಮನೆ, ಖಾಲಿ ಇದ್ದದ್ದು ಪಡಸಾಲೆಯ ಒಂದು ಮೂಲೆ ಮಾತ್ರ. ಹಾಗಾಗಿ ಮೂಲೆ ಕಪಾಟು ಮಾಡೋದು ಅಂತ ತೀರ್ಮಾನ ಆಯ್ತು.

ಮೊದಲು ಕಾಗದ, ಆಮೇಲೆ ಗರಗಸ

ನಮ್ಮ ಹೊಲದ ಮರವೇ ಆದರೂ ಎಷ್ಟೋ ಜಾತಿಯ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ನಮ್ಮದು ತಾನಾಗಿ ಬಿದ್ದ ಮರ. ಆದರೂ ಸಾಗಿಸುವ ಮುಂಚೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಕಾಗದ ಪಡೆದೆ. ನೀವೂ ವಿಚಾರಿಸಿಕೊಂಡೇ ಮುಂದುವರಿಯಿರಿ.

ದಿಮ್ಮಿಯನ್ನು ಸಾಮಿಲ್‌ನಲ್ಲಿ ಒಂದಿಂಚು ದಪ್ಪದ ಹಲಗೆ ಕೊಯ್ಸಿದೆವು. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಅದನ್ನು ತೆಗೆಸಿ ಒಲೆಗೆ ಹಾಕಿದೆವು. ಕಪಾಟಿಗೆ ಒಳಗಿನ ಕೆಂಪು ತಿರುಳು ಮಾತ್ರ.

ಒಣಗಿಸುವುದೇ ದೊಡ್ಡ ಕೆಲಸ

ಹಸಿ ಹಲಗೆಯಲ್ಲಿ ಕಪಾಟು ಮಾಡಿದರೆ ಬೇಸಿಗೆಗೆ ಸೊಟ್ಟಗಾಗುತ್ತದೆ, ಬಾಗಿಲಿನ ಗಾಜು ಒಡೆಯುತ್ತದೆ. ಕೊಟ್ಟಿಗೆಯ ನೆರಳಲ್ಲಿ ಕಲ್ಲಿನ ಮೇಲೆ ಹಲಗೆ ಪೇರಿಸಿ, ನಡುನಡುವೆ ಎರಡಡಿಗೊಂದು ರೀಪು ಕೊಟ್ಟೆ. ರೀಪುಗಳು ಒಂದರ ಮೇಲೊಂದು ನೇರವಾಗಿರಬೇಕು. ಹಲಗೆಯ ಎರಡೂ ತುದಿಗೆ ಹಳೇ ಬಣ್ಣ ಬಳಿದೆ. ತುದಿ ಬೇಗ ಒಣಗಿ ಸೀಳುವುದು ಇದರಿಂದ ತಪ್ಪುತ್ತದೆ. ಬಿಸಿಲಿಗೆ ಮಾತ್ರ ಇಡಬೇಡಿ.

ಒಣಗಿತೋ ಇಲ್ಲವೋ ತಿಳಿಯಲು ಸುಲಭದ ದಾರಿ ಇದೆ. ಒಂದು ಹಲಗೆಗೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಿ ಬರೆದಿಡಿ. ಎರಡು ತಿಂಗಳು ತೂಕ ಇಳಿಯದೆ ನಿಂತರೆ ಕೆಲಸಕ್ಕೆ ಬಂತು ಅಂತ ಅರ್ಥ. ನಮ್ಮದಕ್ಕೆ ಹತ್ತು ತಿಂಗಳು ಹಿಡಿಯಿತು. 2023ರ ಯುಗಾದಿ ಕಳೆದ ಮೇಲೆ ಆಚಾರ್ರು ಉಳಿ ಹಿಡಿದರು. ನಾನು ಅವರ ಕೈಯಾಳು.

ಮೂಲೆಯ ಅಳತೆ

ಮಣ್ಣಿನ ಗೋಡೆಯ ಮೂಲೆ ಸರಿಯಾಗಿ ಮಟ್ಟಕ್ಕೆ ಇರುವುದು ಅಪರೂಪ. ಪಾಯ ಹಾಕುವಾಗ ನೋಡುವಂತೆ ನೋಡಿ: ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ. ಎರಡರ ನಡುವೆ 5 ಅಡಿ ಬಂದರೆ ಮೂಲೆ ಸರಿ. ಬರದಿದ್ದರೆ ರಟ್ಟಿನಲ್ಲಿ ಮೂಲೆಯ ಅಚ್ಚು ಕತ್ತರಿಸಿ, ಅದರಂತೆ ಹಲಗೆ ಕತ್ತರಿಸಬೇಕು. ಅಚ್ಚನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಹಿಡಿದು ನೋಡಿ.

ಬರೀ ಮೂರು ಮೂಲೆ ಆಕಾರ ಮಾಡಿದರೆ ಗೋಡೆಗುಂಟ 24 ಇಂಚಿಗೆ ಮುಂಭಾಗ 34 ಇಂಚು ಬರ್ತದೆ. ಒಂಟಿ ಬಾಗಿಲಿಗೆ ಅದು ಭಾರ, ತೆರೆಯಲು ಜಾಗವೂ ಹೆಚ್ಚು ಬೇಕು. ಅದಕ್ಕೇ ಐದು ಮೂಲೆಯ ಆಕಾರ ಒಳ್ಳೇದು. ಗೋಡೆಗುಂಟ ಎರಡೂ ಕಡೆ 24 ಇಂಚು, ಅಲ್ಲಿಂದ ನೇರ ಮುಂದಕ್ಕೆ ಎರಡೂ ಪಕ್ಕದ ಹಲಗೆ 7 ಇಂಚು. ಆಗ ಮುಂಭಾಗವೂ 24 ಇಂಚೇ ಬರುತ್ತದೆ. ಪಕ್ಕದ ಹಲಗೆ ಮತ್ತು ಮುಂದಿನ ಚೌಕಟ್ಟು ಕೂಡುವಲ್ಲಿ ಎರಡರ ಅಂಚನ್ನೂ 22½ ಡಿಗ್ರಿ ಓರೆ ಹೊಡೆಯಬೇಕು.

ಎತ್ತರ 5 ಅಡಿ. ಒಳಗೆ ನಾಲ್ಕು ಅಡ್ಡಹಲಗೆ, ಅಂದ್ರೆ ಐದು ಅಂತಸ್ತು. ಹಿಂಬದಿಗೆ 6 ಮಿ.ಮೀ. ಪ್ಲೈವುಡ್. ಬೇವಿನ ಎಳೆ ಹೆಣೆದುಕೊಂಡಿರುವುದರಿಂದ ಉಜ್ಜುಗೊರಡು ಹಿಡಿದರೆ ಕಿತ್ತು ಬರುತ್ತದೆ. ಅಲಗು ಚೆನ್ನಾಗಿ ಮಸೆದು ತೆಳ್ಳಗೆ ತೆಗೆಯಬೇಕು, ಉಳಿದದ್ದು ಉಪ್ಪುಕಾಗದದ ಕೆಲಸ.

ಬಣ್ಣದ ಗಾಜಿನ ಬಾಗಿಲು

ಊರಲ್ಲಿ ಒಂದು ಹಳೇ ಮನೆ ಕೆಡವಿದಾಗ ಕಿಟಕಿ ಮೇಲಿನ ಕೆಂಪು, ಹಸಿರು ಗಾಜುಗಳನ್ನು ತಿಪ್ಪೆಗೆ ಹಾಕುತ್ತಿದ್ದರು. ಕೇಳಿ ತಂದಿಟ್ಟುಕೊಂಡಿದ್ದೆ. ಅವು ಈಗ ಉಪಯೋಗಕ್ಕೆ ಬಂದವು.

ಮುಂಭಾಗದಲ್ಲಿ ಎರಡೂ ಕಡೆ 2 ಇಂಚಿನ ಪಟ್ಟಿ ಹೋಗಿ ಬಾಗಿಲು 20 ಇಂಚು ಅಗಲ. ಪೂರ್ತಿ ಒಂದೇ ಗಾಜು ಹಾಕದೆ ತೆಳು ಪಟ್ಟಿಗಳಿಂದ ಹತ್ತು ಮನೆ ಮಾಡಿದೆವು. ಅಗಲಕ್ಕೆ ಎರಡು, ಎತ್ತರಕ್ಕೆ ಐದು. ಮೇಲಿನ ಮತ್ತು ಕೆಳಗಿನ ಸಾಲಿಗೆ ಬಣ್ಣದ ಗಾಜು, ಕಾಳಿನ ಬಾಟಲಿ ಕಾಣಲಿ ಅಂತ ನಡುವಿನ ಆರು ಮನೆಗೆ 4 ಮಿ.ಮೀ. ಸಾದಾ ಗಾಜು. ಒಳಗಿನ ಸಾಮಾನು ಕಾಣಬಾರದು ಅನ್ನೋರು ಹೂವಿನ ಅಚ್ಚಿನ ಗಾಜು ಹಾಕಿಸಬಹುದು. ಸಣ್ಣ ಮನೆಗಳಿಂದ ಲಾಭ ಏನಂದ್ರೆ, ಒಂದು ಒಡೆದರೆ ಅದೊಂದೇ ಬದಲಾಯಿಸಿದರೆ ಸಾಕು. ಅಡ್ಡಪಟ್ಟಿಗಳು ಒಳಗಿನ ಅಡ್ಡಹಲಗೆಯ ನೇರಕ್ಕೇ ಬರಲಿ, ನೋಡಲು ಚೆಂದ.

ಪ್ರತಿ ಗಾಜನ್ನೂ ಅದು ಕೂರುವ ಜಾಗದ ಅಳತೆಗಿಂತ ಉದ್ದ, ಅಗಲ ಎರಡಕ್ಕೂ 3 ಮಿ.ಮೀ. ಕಮ್ಮಿ ಕತ್ತರಿಸಿ. ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಗಾಜಿಗೆ ಆ ಆಟ ಇಲ್ಲ. ಹಳೇ ಗಾಜಿನ ದಪ್ಪ ಒಂದೇ ಸಮ ಇರೋದಿಲ್ಲ. ಚಾಕ್ ಪುಡಿಗೆ ಅಗಸೆ ಎಣ್ಣೆ ಹಾಕಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿದ ಪುಟ್ಟಿ ಮೆತ್ತಿ ಕೂರಿಸಿದೆವು. ಹಿಂದಿನಿಂದ ಬೀಡಿಂಗ್ ಪಟ್ಟಿಗೆ ಸಣ್ಣ ಮೊಳೆ. ಅಂಟು ಹಾಕಬೇಡಿ, ಆಮೇಲೆ ಬಿಚ್ಚಲು ಬರೋದಿಲ್ಲ.

ಆಸಿಡ್ ಹಾಕಿ ಗಾಜಿಗೆ ಹೂ ಬಿಡಿಸುವುದುಂಟು. ಆ ಆಸಿಡ್ ಚರ್ಮ ದಾಟಿ ಮೂಳೆಗೂ ಇಳಿಯುವಂಥದ್ದು. ಮನೆಯಲ್ಲಿ ಆ ಸಾಹಸ ಬೇಡವೇ ಬೇಡ.

4 ಮಿ.ಮೀ. ಗಾಜು ಚದರ ಮೀಟರಿಗೆ 10 ಕಿಲೋ ತೂಗುತ್ತದೆ. ನಮ್ಮ ಬಾಗಿಲಿನ ಗಾಜೇ ಸುಮಾರು 4 ಕಿಲೋ. ಆದ್ದರಿಂದ ಎರಡಲ್ಲ, ಮೂರು ಬಿಜಾಗರಿ ಹಾಕಿ.

ಎಣ್ಣೆ, ಗೆದ್ದಲು, ಮಕ್ಕಳು

ಹೊರಮೈಗೆ ಬೇಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಮೂರು ಸಲ ಒರೆಸಿದೆ. ಒಂದು ಎಚ್ಚರಿಕೆ: ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗೇ ಕಾದು ಬೆಂಕಿ ಹತ್ತಬಹುದು. ಬಯಲಲ್ಲಿ ಬಿಡಿಸಿ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿ. ಮೇವಿನ ಬಣವೆ ಹತ್ತಿರ ಸುತರಾಂ ಬೇಡ.

4 ಇಂಚಿನ ಕಾಲುಗಳ ಕೆಳಗೆ ಕಡಪ ಕಲ್ಲಿನ ತುಂಡು ಕೊಟ್ಟಿದ್ದೇನೆ. ಗೋಡೆಗೂ ಕಪಾಟಿಗೂ ಅರ್ಧ ಇಂಚು ಸಂದು ಬಿಟ್ಟಿದ್ದೇನೆ. ತೇವ ತಾಗೋದಿಲ್ಲ, ಗೆದ್ದಲು ಏರಿದರೆ ಕಣ್ಣಿಗೆ ಬೀಳುತ್ತದೆ. ಮಕ್ಕಳು ಬಾಗಿಲು ಹಿಡಿದು ಜೋತಾಡಿದರೆ ಉರುಳದಂತೆ ಮೇಲ್ಗಡೆ ಗೋಡೆಗೆ ಕಬ್ಬಿಣದ ಪಟ್ಟಿ ಬಿಗಿಸಿದ್ದೇವೆ.

ಈಗ ಅದರಲ್ಲಿ ನವಣೆ, ಸಾಮೆ, ಅವರೆ, ಅಲಸಂದೆ, ಹುರುಳಿ ಬಿತ್ತನೆ ಕಾಳು ಇವೆ. ಬೇವಿನ ಕಪಾಟು ಅಂತ ಕಾಳಿಗೆ ಹುಳ ಬೀಳೋದಿಲ್ಲ ಅಂದುಕೊಳ್ಳಬೇಡಿ. ಕಾಳನ್ನು ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಬೇಕು. ಗಾಜಿನಿಂದ ಉಪಕಾರ ಏನಂದ್ರೆ, ಯಾವ ಕಾಳು ಎಷ್ಟಿದೆ, ಎಲ್ಲಿ ಹಿಟ್ಟು ಉದುರಿದೆ ಅಂತ ಬಾಗಿಲು ತೆರೆಯದೆ ಗೊತ್ತಾಗುತ್ತದೆ.

ಖರ್ಚಿನ ಲೆಕ್ಕ (ರೂಪಾಯಿ)

ಟ್ರ್ಯಾಕ್ಟರ್ ಬಾಡಿಗೆ 800
ಕೊಯ್ಸಿದ ಕೂಲಿ 1,900
ಆಚಾರ್ರ ಕೂಲಿ, 7 ದಿನಕ್ಕೆ 6,300
ಪ್ಲೈವುಡ್ 1,200
ಗಾಜು, ಕತ್ತರಿಸಿದ್ದು ಸೇರಿ 1,400
ಬಿಜಾಗರಿ, ಸ್ಕ್ರೂ, ಚಿಲಕ, ಅಂಟು 900
ಎಣ್ಣೆ, ಉಪ್ಪುಕಾಗದ 500
ಒಟ್ಟು 13,000

ಬಿಟ್ಟ ಸೌದೆ ಬೆಲೆ ಮೂರು ಸಾವಿರ ಸೇರಿಸಿದರೆ ಹದಿನಾರು. ಪೇಟೆಯಲ್ಲಿ ಮರದ ಪುಡಿ ಒತ್ತಿ ಮಾಡಿದ ಕಪಾಟು ಇದಕ್ಕಿಂತ ಅಗ್ಗಕ್ಕೆ ಸಿಗಬಹುದು. ಆದರೆ ಅದು ನೀರು ಕುಡಿದರೆ ಉಬ್ಬಿ ಉದುರುತ್ತದೆ, ರಿಪೇರಿ ಇಲ್ಲ. ನಮ್ಮ ಖರ್ಚಿನಲ್ಲಿ ಅರ್ಧದಷ್ಟು ಊರಿನ ಆಚಾರ್ರ ಕೈಗೇ ಹೋಯ್ತು. ಇನ್ನೂ ಒಂಬತ್ತು ಹಲಗೆ ಅಟ್ಟದ ಮೇಲಿವೆ.

ಬಿದ್ದ ಬೇವಿನ ಜಾಗದಲ್ಲಿ ಮೂರು ಸಸಿ ಎದ್ದಿವೆ. ಬೇವಿನ ಬೀಜ ಬಹಳ ದಿನ ತಡೆಯೋದಿಲ್ಲ, ಹಣ್ಣು ಉದುರಿದ ವಾರದೊಳಗೇ ಊರಬೇಕು. ಕೆಳಗಿನ ಕೊಂಬೆಗಳನ್ನು ಎಳೆಯದರಲ್ಲೇ ಸವರುತ್ತಾ ಬಂದರೆ ಬೊಡ್ಡೆ ನೆಟ್ಟಗೆ ಬೆಳೆಯುತ್ತದೆ, ಗಂಟಿಲ್ಲದ ಹಲಗೆ ಸಿಗುತ್ತದೆ. ನಿಮ್ಮ ಬದುವಿನಲ್ಲೂ ಮರ ಬಿದ್ದರೆ, ಸೌದೆಯವರಿಗೆ ಹೇಳುವ ಮುಂಚೆ ಒಬ್ಬ ಆಚಾರ್ರಿಗೆ ತೋರಿಸಿ.