ಎಂಜಿನ್ ಕುದಿಯುವುದೇಕೆ? ದೋಷವನ್ನು ಪತ್ತೆ ಹಚ್ಚುವ ಬಗೆ

ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಚಾರ್ಮಾಡಿ ಅಥವಾ ಶಿರಾಡಿ ಘಾಟಿಯನ್ನು ಏರುವಾಗ, ರಸ್ತೆಬದಿಯಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳು ಕಣ್ಣಿಗೆ ಬೀಳುವುದುಂಟು. ಮುಂಭಾಗದಿಂದ ಹಬೆ ಏಳುತ್ತಿರುತ್ತದೆ. ನೀರಿನ ಬಾಟಲಿ ಹಿಡಿದ ಚಾಲಕ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುತ್ತಾನೆ. ಆ ಹೊತ್ತಿನಲ್ಲಿ ಮಾಡಬಹುದಾದ ಅತ್ಯಂತ ಅಪಾಯಕಾರಿ ಕೆಲಸ ಅದೇ. ಎಂಜಿನ್ ಏಕೆ ಕುದಿಯಿತು, ಮುಚ್ಚಳವನ್ನು ಏಕೆ ಮುಟ್ಟಬಾರದು ಎಂಬ ಎರಡೂ ಪ್ರಶ್ನೆಗಳಿಗೆ ಪ್ರೌಢಶಾಲೆಯ ಭೌತವಿಜ್ಞಾನದಲ್ಲೇ ಉತ್ತರವಿದೆ.

ಶಾಖದ ಲೆಕ್ಕ

ಸಿಲಿಂಡರಿನಲ್ಲಿ ಇಂಧನ ಉರಿಯುವಾಗ ಅನಿಲಗಳ ತಾಪ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸನ್ನೂ ಮೀರುತ್ತದೆ. ಸಿಲಿಂಡರಿನ ಮೇಲ್ಭಾಗವಾದ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಮ್ ಕರಗುವುದು 660 ಡಿಗ್ರಿಯಲ್ಲಿ. ಲೋಹ ಉಳಿಯಬೇಕಾದರೆ ಶಾಖವನ್ನು ಎಡೆಬಿಡದೆ ಹೊರಸಾಗಿಸುತ್ತಿರಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಲನೆಗೆ ಒದಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಕ್ತಿ ಹೊಗೆಯೊಡನೆ ಹೊರಹೋಗುತ್ತದೆ. ಉಳಿದ ಶಾಖದ ಬಹುಪಾಲನ್ನು ಕೂಲೆಂಟ್ ಎಂಬ ದ್ರವ ಹೊತ್ತೊಯ್ಯಬೇಕು.

1200 ಕಿಲೋಗ್ರಾಂ ತೂಕದ ಕಾರು 500 ಮೀಟರ್ ಎತ್ತರವನ್ನು ಏರುತ್ತದೆ ಎಂದುಕೊಳ್ಳೋಣ. ರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳನ್ನು ಗುಣಿಸಿದರೆ ಸುಮಾರು 59 ಲಕ್ಷ ಜೂಲ್ ಬರುತ್ತದೆ. ಇದು ಕೇವಲ ಏರುವುದಕ್ಕೆ ಬೇಕಾದ ಕೆಲಸ. ಹೆಚ್ಚುಕಡಿಮೆ ಇಷ್ಟೇ ಶಾಖ ಕೂಲೆಂಟಿಗೂ ಸೇರುತ್ತದೆ. 30 ಡಿಗ್ರಿಯಲ್ಲಿರುವ 20 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇದು ಸಾಕು! ಎಂಜಿನ್ನಿನಲ್ಲಿರುವ ಕೂಲೆಂಟಾದರೋ ಹಲವು ಕಾರುಗಳಲ್ಲಿ ನಾಲ್ಕೈದು ಲೀಟರ್ ಮಾತ್ರ. ಬಂದ ಶಾಖವನ್ನು ಅದು ಆಗಿಂದಾಗಲೇ ಗಾಳಿಗೆ ಒಪ್ಪಿಸುತ್ತಿರಬೇಕು.

ವ್ಯವಸ್ಥೆಯ ಭಾಗಗಳು

ಪಂಪು ಕೂಲೆಂಟನ್ನು ಎಂಜಿನ್ನಿನ ಒಳದಾರಿಗಳಲ್ಲಿ ಹರಿಸುತ್ತದೆ. ಬಿಸಿಯಾದ ದ್ರವ ರೇಡಿಯೇಟರಿನ ತೆಳು ಕೊಳವೆಗಳಲ್ಲಿ ಸಾಗುವಾಗ, ಅವುಗಳಿಗೆ ಅಂಟಿದ ತಗಡಿನ ಪಟ್ಟಿಗಳ ಮೂಲಕ ಶಾಖ ಗಾಳಿಗೆ ದಾಟುತ್ತದೆ. ಕಾರು ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಫ್ಯಾನ್ ಬೇಕು. ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ದಾರಿಯನ್ನು ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಅದರೊಳಗಿನ ಮೇಣ ಅನೇಕ ಎಂಜಿನ್‌ಗಳಲ್ಲಿ 82ರಿಂದ 90 ಡಿಗ್ರಿಯ ಸುಮಾರಿಗೆ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ.

ಇನ್ನು ಮುಚ್ಚಳ. ಸ್ಪ್ರಿಂಗ್ ಕವಾಟವಿರುವ ಈ ಮುಚ್ಚಳ, ಒಳಗಿನ ಒತ್ತಡವನ್ನು ವಾಯುಮಂಡಲದ ಒತ್ತಡಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಾಗಲು ಬಿಡುತ್ತದೆ. ಎರಡು ಬಾರ್ ಒತ್ತಡದಲ್ಲಿ ನೀರು ಕುದಿಯುವುದು 120 ಡಿಗ್ರಿಯಲ್ಲಿ. ನಮ್ಮ ಪ್ರೆಷರ್ ಕುಕ್ಕರಿನ ತತ್ತ್ವವೂ ಇದೇ. ನೀರಿಗೆ ಸಮಪಾಲು ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಕುದಿಬಿಂದು ಇನ್ನಷ್ಟು ಏರುತ್ತದೆ. ಆದರೆ ಈ ಮಿಶ್ರಣದ ವಿಶಿಷ್ಟೋಷ್ಣ ನೀರಿನದಕ್ಕಿಂತ ಕಡಿಮೆ. ಆದ್ದರಿಂದ ಕೂಲೆಂಟನ್ನು ನೀರು ಬೆರೆಸದೆ ಗಟ್ಟಿಯಾಗಿ ಸುರಿದರೆ ಒಳ್ಳೆಯದೆಂಬ ಎಣಿಕೆ ತಪ್ಪು. ತಯಾರಕರು ಹೇಳಿದ ಪ್ರಮಾಣವೇ ಸರಿ.

ಯಾವಾಗ ಬಿಸಿಯಾಗುತ್ತದೆ?

ದೋಷ ಹುಡುಕುವವರು ಮೊದಲು ಬಿಡಿಭಾಗ ಬದಲಿಸಬಾರದು. ‘ಯಾವಾಗ ಬಿಸಿಯಾಗುತ್ತದೆ’ ಎಂದು ಕೇಳಬೇಕು.

ಸಿಗ್ನಲಿನಲ್ಲಿ ನಿಂತಾಗ ಬಿಸಿಯೇರಿ, ಹೆದ್ದಾರಿಯಲ್ಲಿ ಓಡುವಾಗ ಇಳಿಯುತ್ತದೆಯೆ? ಹಾಗಿದ್ದರೆ ದ್ರವದ ಹರಿವು ಬಹುಮಟ್ಟಿಗೆ ಸರಿಯಿದೆ. ಕೊರತೆ ಇರುವುದು ಗಾಳಿಯದು. ಫ್ಯಾನನ್ನು ಶಂಕಿಸಬೇಕು. ಅನೇಕ ಕಾರುಗಳಲ್ಲಿ ಏ.ಸಿ. ಹಾಕಿದೊಡನೆ ರೇಡಿಯೇಟರಿನ ಫ್ಯಾನೂ ತಿರುಗುತ್ತದೆ. ಏ.ಸಿ.ಗೆ ತಿರುಗುವ ಫ್ಯಾನು ಎಂಜಿನ್ ಬಿಸಿಯಾದಾಗ ತಿರುಗದಿದ್ದರೆ ಮೋಟಾರು ಸರಿಯಿದೆ. ದೋಷ ತಾಪಸಂವೇದಕದಲ್ಲೋ ಅದರ ವಿದ್ಯುತ್ ಮಂಡಲದಲ್ಲೋ ಇದೆ ಎಂದಾಯಿತು. ಎರಡಕ್ಕೂ ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರುಗಳನ್ನು ಪರೀಕ್ಷಿಸಬೇಕು.

ಊರೊಳಗೆ ತೊಂದರೆಯಿಲ್ಲದೆ, ಘಾಟಿಯಲ್ಲಿ ಅಥವಾ ಅತಿವೇಗದಲ್ಲಿ ಮಾತ್ರ ಬಿಸಿಯಾಗುತ್ತದೆಯೆ? ಆಗ ವ್ಯವಸ್ಥೆಯ ಒಟ್ಟು ಸಾಮರ್ಥ್ಯವೇ ಕುಗ್ಗಿದೆ. ರೇಡಿಯೇಟರಿನ ಹೊರಮೈಗೆ ಕೆಸರು, ಹುಳುಹುಪ್ಪಟೆ ಮೆತ್ತಿರಬಹುದು. ಒಳಗೆ ಕೊಳವೆಗಳು ಕಟ್ಟಿರಬಹುದು. ಪಂಪಿನ ಎಲೆಗಳು ಸವೆದಿರಬಹುದು. ಪ್ರತಿ ಸೆಕೆಂಡಿಗೆ 28 ಕಿಲೋಜೂಲ್ ಶಾಖವನ್ನು ಒಂದು ಕಿಲೋಗ್ರಾಂ ಕೂಲೆಂಟ್ ಹೊತ್ತೊಯ್ಯುವಾಗ ಅದರ ತಾಪ ಸುಮಾರು 8 ಡಿಗ್ರಿ ಏರುತ್ತದೆ. ಹರಿವು ಅರ್ಧಕ್ಕಿಳಿದರೆ ಅಷ್ಟೇ ಶಾಖಕ್ಕೆ 16 ಡಿಗ್ರಿ ಏರಬೇಕಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಅಡಗಿದ್ದ ದೋಷ ಏರಿನಲ್ಲಿ ಬಯಲಾಗುವುದು ಹೀಗೆ.

ಹೊರಟ ಕೆಲವೇ ನಿಮಿಷಗಳಲ್ಲಿ ತಾಪ ಏರಿದರೆ, ಎಂಜಿನ್ ಬಿಸಿಯಾಗಿದ್ದರೂ ರೇಡಿಯೇಟರ್ ತಣ್ಣಗೇ ಇದ್ದರೆ, ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಕೂಲೆಂಟ್ ಕಡಿಮೆಯಾಗಿ ಗಾಳಿ ಸೇರಿಕೊಂಡಿದ್ದರೂ ಹೀಗಾಗಬಹುದು.

ಕೂಲೆಂಟ್ ಎಲ್ಲಿಗೆ ಹೋಯಿತು?

ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟ್ ಪದೇ ಪದೇ ಕಡಿಮೆಯಾಗುವುದು ಸಹಜವಲ್ಲ. ಹೋಸ್‌ಗಳ ಬಿಗಿಪಟ್ಟಿ, ಪಂಪಿನ ಅಡಿ, ರೇಡಿಯೇಟರಿನ ಅಂಚುಗಳಲ್ಲಿ ಬಣ್ಣದ ಕಲೆ ಕಂಡರೆ ಅದು ಹೊರಸೋರಿಕೆ. ಹೊರಗೆಲ್ಲೂ ಕುರುಹಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟನ್ನು ಶಂಕಿಸಬೇಕು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಕೂಲೆಂಟ್ ಡಬ್ಬಿಯಲ್ಲಿ ನಿರಂತರ ಗುಳ್ಳೆಗಳು, ಹಾಲು ಬೆರೆತಂತೆ ಕಾಣುವ ಎಂಜಿನ್ ಆಯಿಲ್ ಇದರ ಲಕ್ಷಣಗಳು. ಖಚಿತಪಡಿಸಲು ಗ್ಯಾರೇಜಿನವರು ಒಂದು ನೀಲಿ ದ್ರಾವಣವನ್ನು ಬಳಸುತ್ತಾರೆ. ಕೂಲೆಂಟಿನ ಮೇಲಿನ ಗಾಳಿಯನ್ನು ಅದರಲ್ಲಿ ಹಾಯಿಸಿದಾಗ ಬಣ್ಣ ಹಳದಿಗೆ ತಿರುಗಿದರೆ, ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಕೂಲೆಂಟಿಗೆ ನುಸುಳುತ್ತಿದೆ ಎಂದರ್ಥ. ಶಾಲಾ ಪ್ರಯೋಗಾಲಯದ ಬ್ರೋಮೋಥೈಮಾಲ್ ಬ್ಲೂ ಸೂಚಕದ ಗುಣವೂ ಇದೇ.

ಗ್ಯಾಸ್ಕೆಟ್ ಹಾಳಾಗಲು ಅತಿತಾಪವೇ ಮುಖ್ಯ ಕಾರಣ. 45 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಮ್ ಹೆಡ್ ನೂರು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಒಂದು ಮಿಲಿಮೀಟರ್ ಹಿಗ್ಗುತ್ತದೆ. ಕೆಳಗಿನ ಬ್ಲಾಕ್ ಎರಕದ ಕಬ್ಬಿಣದ್ದಾದರೆ ಅದು ಹಿಗ್ಗುವುದು ಅದರ ಅರ್ಧದಷ್ಟು. ನಡುವೆ ಸಿಕ್ಕ ತೆಳು ಗ್ಯಾಸ್ಕೆಟ್ ಈ ಎಳೆದಾಟವನ್ನು ತಾಳಬೇಕು. ಹೆಡ್ ಸೊಟ್ಟಗಾಗುವುದೂ ಉಂಟು. ಮುಳ್ಳು ಕೆಂಪುಗೆರೆ ಮುಟ್ಟಿದ ಮೇಲೆ ‘ಇನ್ನೊಂದೇ ತಿರುವು’ ಎಂದು ಓಡಿಸುವುದು ದುಬಾರಿಯಾಗುವುದು ಇದಕ್ಕೇ.

ಮುಳ್ಳನ್ನೂ ಪೂರ್ತಿ ನಂಬುವಂತಿಲ್ಲ. ಕೂಲೆಂಟ್ ಬಹಳ ಸೋರಿಹೋದರೆ ಸಂವೇದಕಕ್ಕೆ ದ್ರವ ತಾಗುವುದಿಲ್ಲ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಇಳಿದರೆ ಸಮಾಧಾನಪಡದೆ ಕಾರನ್ನು ನಿಲ್ಲಿಸಬೇಕು.

ಎರಡು ತಪ್ಪು ರೂಢಿಗಳು

‘ನಮ್ಮ ಸೆಖೆಗೆ ಥರ್ಮೋಸ್ಟಾಟ್ ಬೇಡ’ ಎಂದು ಅದನ್ನು ಕಿತ್ತುಹಾಕುವ ರೂಢಿಯಿದೆ. ಇದರಿಂದ ಎಂಜಿನ್ ತಕ್ಕ ತಾಪಕ್ಕೆ ಬೇಗ ಏರದೆ ಇಂಧನದ ಖರ್ಚೂ ಸವೆತವೂ ಹೆಚ್ಚುತ್ತವೆ. ಕೆಲವು ಎಂಜಿನ್‌ಗಳಲ್ಲಿ ಪಕ್ಕದ ಉಪಮಾರ್ಗವನ್ನು ಮುಚ್ಚುವುದೂ ಥರ್ಮೋಸ್ಟಾಟೇ. ಅದಿಲ್ಲದಿದ್ದರೆ ಕೂಲೆಂಟಿನ ಒಂದು ಭಾಗ ರೇಡಿಯೇಟರಿಗೆ ಹೋಗದೆಯೇ ಹಿಂದಿರುಗಿ, ಏರಿನಲ್ಲಿ ಎಂಜಿನ್ ಮತ್ತಷ್ಟು ಬಿಸಿಯಾಗುತ್ತದೆ.

ಕೊಳವೆಬಾವಿಯ ನೀರನ್ನೇ ತುಂಬುವುದು ಇನ್ನೊಂದು ರೂಢಿ. ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟಿನ ಬಿಳಿ ಪದರ ಕಟ್ಟುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯಲ್ಲಿ ಇದನ್ನು ಕಂಡಿರುತ್ತೇವೆ. ಈ ಪದರದ ಉಷ್ಣವಾಹಕತೆ ಅಲ್ಯೂಮಿನಿಯಮಿನ ನೂರನೆಯ ಒಂದು ಪಾಲಿನಷ್ಟು. ಬೆರೆಸಲು ಆಸವಿತ ಅಥವಾ ಖನಿಜರಹಿತ ನೀರೇ ತಕ್ಕದ್ದು.

ಮುಚ್ಚಳ ಏಕೆ ತೆರೆಯಬಾರದು?

ಒತ್ತಡದಲ್ಲಿ 120 ಡಿಗ್ರಿಗೆ ಕಾದ 5 ಲೀಟರ್ ನೀರಿದೆ ಎಂದುಕೊಳ್ಳಿ. ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ಕುದಿಬಿಂದು 100 ಡಿಗ್ರಿಗೆ ಕುಸಿಯುತ್ತದೆ. ಹೆಚ್ಚುವರಿ 20 ಡಿಗ್ರಿಯ ಶಾಖ ಗುಪ್ತೋಷ್ಣವಾಗಿ ಬಳಕೆಯಾಗಿ ಸುಮಾರು 185 ಗ್ರಾಂ ನೀರು ಆವಿಯಾಗುತ್ತದೆ. ತೂಕ ಅಲ್ಪವೆನಿಸಿದರೂ ಈ ಆವಿಯ ಗಾತ್ರ 300 ಲೀಟರಿಗೂ ಹೆಚ್ಚು. ಕುದಿನೀರನ್ನು ತನ್ನೊಡನೆ ಎತ್ತಿಕೊಂಡು ಅದು ಮುಖಕ್ಕೇ ಚಿಮ್ಮುತ್ತದೆ.

ಆದ್ದರಿಂದ ಬಿಸಿಯೇರಿದ್ದು ಕಂಡ ಕೂಡಲೇ ಏ.ಸಿ. ಆರಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಬೇಕು. ಅದೂ ಒಂದು ಪುಟ್ಟ ರೇಡಿಯೇಟರೇ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಫ್ಯಾನ್ ತಾನಾಗಿ ತಿರುಗಬಹುದಾದ್ದರಿಂದ ಅದರ ಬಳಿ ಕೈ ಒಯ್ಯಬಾರದು. ಕನಿಷ್ಠ ಅರ್ಧ ಗಂಟೆ ಕಳೆದು, ಮೇಲಿನ ಹೋಸ್ ತಣ್ಣಗಾಗಿ ಮೆತ್ತಗಾದ ಮೇಲೆಯೇ ಮುಚ್ಚಳಕ್ಕೆ ದಪ್ಪ ಬಟ್ಟೆ ಹೊದಿಸಿ ನಿಧಾನವಾಗಿ ತಿರುಗಿಸಬೇಕು. ಸುಡುತ್ತಿರುವ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

ಉಪಾಧ್ಯಾಯರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿ ತೋರಿಸಬಹುದು. ಗ್ಯಾರೇಜಿನಿಂದ ಹಳೆಯ ಥರ್ಮೋಸ್ಟಾಟ್ ತಂದು, ದಾರಕ್ಕೆ ಕಟ್ಟಿ ಬೀಕರಿನ ನೀರಿನಲ್ಲಿ ಮುಳುಗಿಸಿ, ಪಕ್ಕದಲ್ಲಿ ತಾಪಮಾಪಕವನ್ನಿಟ್ಟು ಕಾಯಿಸಬೇಕು. ಕವಾಟ ಯಾವ ತಾಪದಲ್ಲಿ ತೆರೆಯಲಾರಂಭಿಸಿತು, ತಣಿಯುವಾಗ ಯಾವ ತಾಪದಲ್ಲಿ ಮುಚ್ಚಿತು ಎಂಬುದನ್ನು ವಿದ್ಯಾರ್ಥಿಗಳು ಬರೆದುಕೊಂಡು, ಅದರ ಮೇಲೆ ನಮೂದಿಸಿದ ಅಂಕಿಯೊಡನೆ ಹೋಲಿಸಲಿ. ನೀರು ಕುದಿಯತೊಡಗಿದರೂ ಕವಾಟ ತೆರೆಯದಿದ್ದರೆ, ಆ ಕಾರು ಏಕೆ ಕುದಿದಿತ್ತೆಂಬುದು ಅವರಿಗೇ ಗೊತ್ತಾಗುತ್ತದೆ.