ಬೊಂಬಾಯಿ ಮಾವನ ಜಾಡು ಹಿಡಿದು

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿವಸ ಖಾರಘರದ ನಮ್ಮ ಮನೆಯಲ್ಲಿ ಹಿರಿಯರಿಗೆ ಬಡಿಸುವ ಕ್ರಮವುಂಟು. ಮಾರ್ಕೆಟ್ಟಿನಿಂದ ಬಾಳೆಎಲೆ ತಂದು, ಅಡುಗೆಮನೆಯಲ್ಲಿ ಇರುವಷ್ಟು ಜಾಗದಲ್ಲೇ ಸಾಲಾಗಿ ಹಾಸಿ, ಅಮ್ಮಮ್ಮ ಒಂದೊಂದು ಎಲೆಗೆ ಒಂದೊಂದು ಹೆಸರು ಹೇಳುತ್ತಾ ಬಡಿಸುತ್ತಾರೆ. ಆ ಸಾಲಿನಲ್ಲಿ ಎಲೆ ಇಲ್ಲದವರು ಒಬ್ಬರಿದ್ದಾರೆ. ಅವರು ಅಮ್ಮಮ್ಮನ ಅಜ್ಜಿಯ ತಮ್ಮ. ಹದಿನಾರು ಹದಿನೇಳು ವಯಸ್ಸಿನಲ್ಲಿ ಕುಂದಾಪುರ ಕಡೆಯ ಊರು ಬಿಟ್ಟು ಮುಂಬಯಿಗೆ ಬಂದವರು ಮತ್ತೆ ತಿರುಗಿ ಹೋಗಲಿಲ್ಲ. ಮನೆಯಲ್ಲಿ ಅವರನ್ನು ‘ಬೊಂಬಾಯಿ ಮಾವ’ ಅಂತಲೇ ಕರೆಯುವುದು. “ಸುದ್ದಿ ಬಾರದೆ ಅವನಿಗೆ ಬಡಿಸಬೇಡಿ” ಎಂದು ಅವರ ಅಕ್ಕ ಹೇಳಿಟ್ಟು ಹೋದರಂತೆ. ಸುದ್ದಿ ಬರಲಿಲ್ಲ, ಎಲೆಯೂ ಬೀಳಲಿಲ್ಲ. ಈಗ ಬದುಕಿದ್ದರೆ ಅವರಿಗೆ ನೂರೈವತ್ತು ದಾಟುತ್ತಿತ್ತು!

ಅಮ್ಮಮ್ಮನಿಗೆ ಎಂಬತ್ತೈದಾಯಿತು. “ನಾ ಹೋಪುಕ್ ಮುಂಚೆ ಅವ್ರಿಗೊಂದ್ ಎಲೆ ಹಾಕ್ಬೇಕ್ ಮಗಾ” ಎಂದು ಎರಡು ವರ್ಷದ ಹಿಂದೆ ಹೇಳಿದರು. ಸರಿ, ಹುಡುಕಿಯೇ ಬಿಡೋಣ ಎಂದು ಹೊರಟೆ. ಆ ಹುಡುಕಾಟದಲ್ಲಿ ಕಲಿತ ಸಂಗತಿಗಳನ್ನು ನಮ್ಮ ಬಳಗದ ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಇಂಥ ಮಾವನೋ ಚಿಕ್ಕಪ್ಪನೋ ಒಬ್ಬರು ಇದ್ದೇ ಇರುತ್ತಾರಲ್ಲವೇ? (ಹೆಸರುಗಳನ್ನು ಅಚ್ಚು ಮಾಡಿಸಬಾರದೆಂದು ಅಮ್ಮಮ್ಮನ ಕಟ್ಟಪ್ಪಣೆ. ಹಾಗಾಗಿ ಇಲ್ಲಿ ಹೆಸರಿಲ್ಲ.)

ಮೊದಲು ನಾನು ಮಾಡಿದ್ದು ವಂಶಾವಳಿ ಹುಡುಕುವ ಬಗೆಗಿನ ಒಂದು ಇಂಗ್ಲಿಷ್ ಪುಸ್ತಕವನ್ನು ಲೈಬ್ರರಿಯಿಂದ ತಂದದ್ದು. ಅದನ್ನು ಓದಿ ಹೊಟ್ಟೆಕಿಚ್ಚಾಯಿತು. ಇಂಗ್ಲೆಂಡಿನ ಯಾವನೋ ಒಬ್ಬ ಹೊಲದ ಕೂಲಿಯವನು 1850ರ ಸುಮಾರಿಗೆ ಆಸ್ಟ್ರೇಲಿಯಾಕ್ಕೆ ಹೋದನೆನ್ನಿ. ಅವನು ಹುಟ್ಟಿದ ಊರಿನ ಚರ್ಚಿನಲ್ಲಿ ಅವನ ನಾಮಕರಣದ ದಾಖಲೆ ಇರುತ್ತದೆ. ಅಲ್ಲಿನ ಚರ್ಚುಗಳು 1538ರಿಂದ ಇಂಥ ಪುಸ್ತಕ ಇಡುತ್ತಾ ಬಂದಿವೆ. 1837ರಿಂದ ಹುಟ್ಟು ಸಾವುಗಳನ್ನು ಸರಕಾರವೇ ದಾಖಲು ಮಾಡಿತು. 1841ರಿಂದೀಚೆಗಿನ ಜನಗಣತಿಯಲ್ಲಿ ಮನೆ ಮನೆಯ ಹೆಸರು, ವಯಸ್ಸು, ಕಸುಬು ಇದೆ. ಸರಕಾರದ ಖರ್ಚಿನಲ್ಲಿ ಹಡಗು ಹತ್ತಿದ್ದರೆ ಆ ಪಟ್ಟಿಯಲ್ಲೂ ಹೆಸರುಂಟು. ಅಕ್ಷರ ಬಾರದ ಬಡಪಾಯಿಗೂ ನಾಲ್ಕು ಕಡೆ ದಾಖಲೆ! ನಮ್ಮಲ್ಲೂ 1872ರಿಂದ ಜನಗಣತಿ ನಡೆಯಿತು, ಮುಂಬಯಿ ಪಟ್ಟಣದಲ್ಲಂತೂ 1864ರಲ್ಲಿಯೇ ನಡೆದಿತ್ತು. ಆದರೆ ಇಲ್ಲಿ ಲೆಕ್ಕ ಕೂಡಿಸಿದ ಮೇಲೆ ಹೆಸರಿದ್ದ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ, ಮೊತ್ತ ಮಾತ್ರ ಉಳಿಯಿತು. 1891ರಲ್ಲಿ ಮುಂಬಯಿಯಲ್ಲಿ 8,21,764 ಜನ ಇದ್ದರೆಂದು ಗೊತ್ತು. ಅದರಲ್ಲಿ ನಮ್ಮ ಮಾವ ಒಬ್ಬರೋ ಅಲ್ಲವೋ, ಹೇಳುವವರಿಲ್ಲ.

ಹಾಗಾದರೆ ನಮ್ಮ ದೇಶದಿಂದ ಹೊರಟ ಬಡವರ ಹೆಸರು ಎಲ್ಲಿಯೂ ಇಲ್ಲವೇ ಎಂದರೆ, ಇದೆ. ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರದ್ದು, ಅಂದರೆ ಗಿರ್ಮಿಟಿಯಾಗಳದ್ದು. 1860ರ ಅಕ್ಟೋಬರಿನಲ್ಲಿ ಮದರಾಸಿನಿಂದ ಹೊರಟ ‘ಟ್ರೂರೋ’ ಎಂಬ ಹಡಗು ನವೆಂಬರ್ 16ಕ್ಕೆ ದಕ್ಷಿಣ ಆಫ್ರಿಕದ ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ನೆಟಾಲ್ ಒಂದಕ್ಕೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೋದರು. ಪ್ರತಿಯೊಬ್ಬರಿಗೂ ಒಂದು ನಂಬರು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲೂಕು, ಹಳ್ಳಿ, ಮೈಮೇಲಿನ ಗುರುತು, ಎಲ್ಲ ಬರೆದಿಟ್ಟಿದ್ದಾರೆ. ಮೈಸೂರು, ಬೆಂಗಳೂರು ಎಂದು ಊರು ಬರೆಸಿದವರೂ ಆ ಪಟ್ಟಿಗಳಲ್ಲಿದ್ದಾರೆ. ಮಾರಿಷಸ್ಸಿನಲ್ಲಿ 1860ರ ದಶಕದಿಂದ ಫೋಟೋ ಕೂಡ ತೆಗೆಯತೊಡಗಿದರು. ಮೋಕಾ ಊರಿನ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಅವು ಈಗಲೂ ಇವೆ.

ಕೂಲಿ ಓಡಿ ಹೋದರೆ ಹಿಡಿದು ತರಬೇಕಲ್ಲ, ಅದಕ್ಕೆ ಹಳ್ಳಿ ಬೇಕು, ಮಚ್ಚೆಯ ಗುರುತು ಬೇಕು. ನಮ್ಮ ಮಾವ ಯಾರ ಕರಾರಿಗೂ ಒಳಪಡದೆ, ಗಂಗೊಳ್ಳಿಯಲ್ಲೋ ಮಲ್ಪೆಯಲ್ಲೋ ಮಚ್ವೆ ಹತ್ತಿ, ತಮ್ಮ ಇಷ್ಟದಿಂದ ಮುಂಬಯಿಗೆ ಬಂದವರು. ಅವರನ್ನು ಬರೆದಿಟ್ಟುಕೊಳ್ಳಬೇಕಾದ ಜರೂರು ಯಾರಿಗೂ ಇರಲಿಲ್ಲ. ನೆಟಾಲಿಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಅವರ ಎತ್ತರ ಎಷ್ಟೆಂದು ಕೂಡ ನನಗೆ ಗೊತ್ತಿರುತ್ತಿತ್ತು. ಇದನ್ನು ಅಮ್ಮಮ್ಮನಿಗೆ ಹೇಳಿದರೆ, “ಹಾಂಗಾರೆ ಸಿಕ್ದೇ ಇದ್ರೂ ಅಡ್ಡಿಲ್ಲ” ಎಂದರು. ನನಗೇನೋ ಅಷ್ಟಕ್ಕೆ ಸಮಾಧಾನವಾಗಲಿಲ್ಲ.

ಸರಕಾರ ಬರೆಯದಿದ್ದರೆ ಮನೆಯವರಾದರೂ ಬರೆದಿರಬಹುದಲ್ಲ ಎಂದರೆ, ಅಲ್ಲಿ ಬೇರೆಯೇ ತೊಡಕು. ನಮ್ಮದು ಅಳಿಯಸಂತಾನದ ಮನೆ. ಸಂತಾನ ಹೆಣ್ಣಿನ ಕಡೆಯಿಂದ ಎಣಿಸುವುದು. ಗಂಡಸಿನ ಮಕ್ಕಳು ಹೆಂಡತಿಯ ಮನೆಗೆ ಸೇರಿದವರು. ಅಂದಮೇಲೆ ವಂಶವೃಕ್ಷದಲ್ಲಿ ಗಂಡಸು ಎಂದರೆ ಅಲ್ಲಿಗೇ ನಿಂತ ಕೊಂಬೆ, ಅದರ ಕೆಳಗೆ ಗೆರೆ ಎಳೆಯುವ ಹಾಗಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆಯಲ್ಲಿ ಇದಕ್ಕೆ ಪಾರಿಭಾಷಿಕ ಶಬ್ದಗಳೇ ಉಂಟು: ಮುಂದುವರಿಯುವ ಶಾಖೆ ‘ಸಂತತಿ ಕವರು’, ಮುಂದುವರಿಯದ್ದು ‘ನಿಸ್ಸಂತತಿ ಕವರು’. ಆ ಕಾಯಿದೆ ಬಂದ ಮೇಲೆ ಆದ ನಮ್ಮ ಮನೆಯ ಪಾಲುಪಟ್ಟಿಯನ್ನು ಊರಿನ ಪೆಟ್ಟಿಗೆಯಿಂದ ತೆಗೆಸಿ ನೋಡಿದೆ. ಅಕ್ಕನ ಕೆಳಗೆ ಪುಟಗಟ್ಟಲೆ ಜನ. ತಮ್ಮನ ಬಗ್ಗೆ ಒಂದೇ ಸಾಲು, ‘ಊರು ಬಿಟ್ಟು ಹೋಗಿ ನಿಸ್ಸಂತತಿ’ ಎಂದು. ಅವರಿಗೆ ಮುಂಬಯಿಯಲ್ಲಿ ಹೆಂಡತಿ ಮಕ್ಕಳು ಇದ್ದರೂ ಈ ಸಾಲು ಹೀಗೆಯೇ ಇರುತ್ತಿತ್ತು ಎಂಬುದನ್ನು ಮರೆಯಬಾರದು. ‘ನಿಸ್ಸಂತತಿ’ ಎಂದ ಮಾತ್ರಕ್ಕೆ ಒಂಟಿಯಾಗಿ ಸತ್ತರೆಂದು ಅರ್ಥವಲ್ಲ. ನಾನು ಮೊದಲು ಹಾಗೆಂದೇ ತಿಳಿದು ಒಂದು ತಿಂಗಳು ಸುಮ್ಮನೆ ಬೇಸರಪಟ್ಟುಕೊಂಡೆ.

ಕುಂದಾಪುರ ಕಡೆಯವರು ಇನ್ನೊಂದು ಮಾತು ನೆನಪಿಡಬೇಕು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ಕುಂದಾಪುರ ದಕ್ಷಿಣ ಕನ್ನಡದೊಂದಿಗೆ ಮದರಾಸಿನಲ್ಲೇ ಉಳಿಯಿತು. ಅಂದರೆ ಮಾವ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಬಂದವರು. ಮೇಲಿನ ಕಾಗದಪತ್ರ ಮದರಾಸಿಗೆ, ಜಿಲ್ಲೆಯದ್ದು ಮಂಗಳೂರಿಗೆ. 1997ರಲ್ಲಿ ಉಡುಪಿ ಜಿಲ್ಲೆ ಆದ ಮೇಲೆ ಕೆಲವು ಅಲ್ಲಿಗೆ. ಮುಂಬಯಿ ಕಡೆಯದ್ದು ಇಲ್ಲಿ. ಇಲ್ಲಿಯ ಗುಮಾಸ್ತರಿಗೆ ನಮ್ಮವರು ‘ಕಾನಡಿ’ಗಳೋ, ‘ಮಂಗಳೂರಿ’ಗಳೋ, ಕೆಲವು ಸಲ ‘ಕಾಮಾಠಿ’ಗಳೋ! ಒಂದೇ ಹೆಸರನ್ನು ಮೂರು ತರಹ ಬರೆದದ್ದನ್ನು ಕಂಡಿದ್ದೇನೆ. ನಮ್ಮ ಸಂಘ ಸಂಸ್ಥೆಗಳ ಪುಸ್ತಕದಲ್ಲಿ ಹುಡುಕೋಣವೆಂದರೆ ಅವು ಆಮೇಲಿನವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು. ಮಾವ ಬಂದಾಗ ಇವು ಯಾವುವೂ ಇರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮಗೂ ಉಪಯೋಗಕ್ಕೆ ಬಂದೀತು. ಸ್ಥಿರಾಸ್ತಿಯ ಯಾವುದೇ ಪತ್ರ ರಿಜಿಸ್ಟ್ರಿಯಾದರೆ ಅದರ ನಕಲನ್ನು ‘ಒಂದನೇ ಪುಸ್ತಕ’ದಲ್ಲಿ ಇಳಿಸಿಕೊಳ್ಳುತ್ತಾರೆ. ಆ ಪುಸ್ತಕಕ್ಕೆ ಎರಡು ಸೂಚಿಗಳು: ಒಂದು ಜನರ ಹೆಸರಿನದ್ದು, ಇನ್ನೊಂದು ಆಸ್ತಿಯದ್ದು. ಫೀಸು ಕಟ್ಟಿದರೆ ಯಾರು ಬೇಕಾದರೂ ನೋಡಬಹುದು, ಕಾನೂನೇ ಹಾಗಿದೆ. ಹೊಸಬರು ಹೆಸರಿನ ಸೂಚಿಯನ್ನು ಕೇಳಿ ಮೋಸ ಹೋಗುತ್ತಾರೆ. ನಮ್ಮಲ್ಲಿ ಸೋದರಮಾವನ ಹೆಸರನ್ನೇ ಅಳಿಯನಿಗೆ ಇಡುವ ರೂಢಿ. ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಮೂವರು ಸಿಕ್ಕಿದರು, ಯಾರು ಮಾವ, ಯಾರು ಅಳಿಯ ತಿಳಿಯದು. ಆಸ್ತಿಯ ಸೂಚಿ ಹಿಡಿದು ಹೋಗಬೇಕು. ಮನುಷ್ಯ ಊರು ಬಿಟ್ಟರೂ ಗದ್ದೆ ಅಲ್ಲೇ ಇರುತ್ತದಲ್ಲ! ಗದ್ದೆಯ ಹಳೆಯ ವಿವರ ಗೊತ್ತಿಲ್ಲದಿದ್ದರೆ, 1974ರ ಭೂಸುಧಾರಣೆಯಾದಾಗ ಒಕ್ಕಲುಗಳು ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟದ್ದುಂಟು. ಆ ಫೈಲುಗಳಲ್ಲಿ ‘ಇಂಥವರ ಕಾಲದಿಂದ ಸಾಗುವಳಿ’ ಎಂಬ ಹೇಳಿಕೆಗಳು, ಹಳೆ ಗೇಣಿಚೀಟಿಗಳು ಸಿಗುತ್ತವೆ. ನಮಗೆ ಸರ್ವೆ ನಂಬರು ಸಿಕ್ಕಿದ್ದು ಅಲ್ಲಿಯೇ.

ಆಸ್ತಿಯ ಸೂಚಿಯಿಂದ ಒಂದು ಮೂಲಗೇಣಿ ಪತ್ರ ಸಿಕ್ಕಿತು, 1895ರದ್ದು. ಪದ ಪದಕ್ಕೆ ಜಾಗ ಬಿಡದೆ ಕೂಡಿಸಿ ಬರೆದ ಹಳೆಯ ಕೈಬರಹ. ಮೊದಲ ದಿನ ನಾಲ್ಕು ಸಾಲು ಓದಲಿಕ್ಕೆ ಮಧ್ಯಾಹ್ನವಾಯಿತು. ಎರಡನೇ ದಿನ ತಿಳಿದದ್ದಿಷ್ಟು: ಅಕ್ಕ ಮತ್ತು ಮನೆಯ ಯಜಮಾನರು ಸೇರಿ ಒಂದು ಗದ್ದೆಯನ್ನು ಮೂಲಗೇಣಿಗೆ ಕೊಟ್ಟಿದ್ದಾರೆ. ಕುಟುಂಬದ ಆಸ್ತಿಯಾದ್ದರಿಂದ ತಮ್ಮನ ಒಪ್ಪಿಗೆಯೂ ಬೇಕಾಗಿದೆ. ಅವರು ಊರಲ್ಲಿಲ್ಲ. ದೂರದಲ್ಲಿದ್ದವರು ತಾವಿದ್ದಲ್ಲಿಯ ರಿಜಿಸ್ಟ್ರಿ ಅಧಿಕಾರಿಯ ಮುಂದೆ ರುಜು ಹಾಕಿ ಮುಖ್ತ್ಯಾರನಾಮೆ ಕಳಿಸಬೇಕೆಂಬುದು ನಿಯಮ. ಆ ಮುಖ್ತ್ಯಾರನಾಮೆಯ ಉಲ್ಲೇಖದಲ್ಲಿ ಮಾವನ ಹೆಸರು, ಅದರ ಮುಂದೆ ‘ಹಾಲಿ ವಸ್ತಿ ಮುಂಬಯಿ ಮಾಂಡವಿ’. ರುಜು ಅಲ್ಲ, ಹೆಬ್ಬೆಟ್ಟು. ಇಷ್ಟೇ. ಮನೆಗೆ ಫೋನು ಮಾಡಿ ಹೇಳುವಾಗ ನನ್ನ ಗಂಟಲು ಕಟ್ಟಿತು ಎಂದರೆ ನೀವು ನಗಬಾರದು.

ಆದರೆ ಮಾಂಡವಿ ಎಂದ ಕೂಡಲೇ ಮುಂಬಯಿ ಇತಿಹಾಸ ಓದಿದವರಿಗೆ ಎದೆ ಧಸಕ್ಕೆನ್ನುತ್ತದೆ. ಬಂದರದ ಪಕ್ಕದ ಪೇಟೆ, ಧಾನ್ಯದ ಗೋದಾಮುಗಳು, ಹಮಾಲರ ಕಿಕ್ಕಿರಿದ ಚಾಳುಗಳು. 1896ರ ಸೆಪ್ಟೆಂಬರಿನಲ್ಲಿ ಡಾ. ಅಕಾಸಿಯೋ ವೀಗಸ್ ಎಂಬ ವೈದ್ಯರು ಪ್ಲೇಗಿನ ಮೊದಲ ರೋಗಿಗಳನ್ನು ಗುರುತಿಸಿದ್ದು ಈ ಮಾಂಡವಿಯಲ್ಲಿಯೇ. ಮುಂದಿನ ವರ್ಷದ ಆರಂಭಕ್ಕೆ ಹೆಚ್ಚು ಕಡಿಮೆ ಅರ್ಧ ಪಟ್ಟಣವೇ ಖಾಲಿಯಾಗಿತ್ತು. ಬಿಸಿಲು ಬೀಳಲೆಂದು ಮನೆಗಳ ಹೆಂಚು ತೆಗೆಸಿದರು. ಆಸ್ಪತ್ರೆಗೆ ಎಳೆದೊಯ್ಯುತ್ತಾರೆಂಬ ಹೆದರಿಕೆಯಿಂದ ಜನ ರೋಗಿಗಳನ್ನು ಬಚ್ಚಿಟ್ಟರು, ಸಾವನ್ನು ಬೇರೆ ಜ್ವರದ ಹೆಸರಿನಲ್ಲಿ ಬರೆಸಿದರು. 1901ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ 7,76,006ಕ್ಕೆ ಇಳಿದಿತ್ತು.

1895ರಲ್ಲಿ ಮಾಂಡವಿ, ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ. ಯಾರಾದರೂ ಪ್ಲೇಗು ಎಂದೇ ಹೇಳಿಯಾರು. ನಾನೂ ಹಾಗೆಯೇ ಬರೆದು ಮುಗಿಸಬಹುದಿತ್ತು, ಲೇಖನಕ್ಕೆ ಒಳ್ಳೆಯ ಕೊನೆಯೂ ಸಿಗುತ್ತಿತ್ತು. ಆದರೆ ಓಡಿ ಹೋದ ಅರ್ಧ ಪಟ್ಟಣದಲ್ಲಿ ಅವರೂ ಇದ್ದಿರಬಹುದಲ್ಲ? ಠಾಣೆಗೋ ಕಲ್ಯಾಣಕ್ಕೋ ಹೋಗಿ, ಮದುವೆಯಾಗಿ, ಮರಾಠಿ ಮಾತಾಡುವ ಮೊಮ್ಮಕ್ಕಳನ್ನು ಕಂಡು ಸತ್ತಿರಬಹುದು. ಸಾವಿನ ರಿಜಿಸ್ಟರ್ ನೋಡೋಣವೆಂದು ಒಂದು ಕಚೇರಿಗೆ ಹೋದರೆ, “ತಾರೀಕು ತನ್ನಿ, ಹುಡುಕುತ್ತೇವೆ” ಎಂದರು. ತಾರೀಕು ಗೊತ್ತಿದ್ದರೆ ನಾನು ಅಲ್ಲಿಗೆ ಯಾಕೆ ಹೋಗುತ್ತಿದ್ದೆ!

ಕಳೆದ ಡಿಸೆಂಬರಿನಲ್ಲಿ ಅಮ್ಮಮ್ಮ ಮಾಂಡವಿ ನೋಡಬೇಕೆಂದು ಹಟ ಹಿಡಿದರು. ಖಾರಘರದಿಂದ ಹಾರ್ಬರ್ ಲೈನಿನ ಗಾಡಿ ಹತ್ತಿದರೆ ಬದಲಾಯಿಸುವ ತಾಪತ್ರಯವಿಲ್ಲ, ಮಸ್ಜಿದ್ ಸ್ಟೇಶನ್ನಿನಲ್ಲಿ ಇಳಿದರೆ ಆಯಿತು. ಇಷ್ಟು ವರ್ಷ ಅದೇ ಗಾಡಿಯಲ್ಲಿ ಆಸ್ಪತ್ರೆಗೆ, ಮದುವೆಗೆ ಎಂದು ಆ ಸ್ಟೇಶನ್ ದಾಟಿ ಹೋದವರು ಅವರು. ಮೂಟೆ ಹೊತ್ತ ಕೈಗಾಡಿಗಳ ನಡುವೆ ನನ್ನ ತೋಳು ಹಿಡಿದುಕೊಂಡು ಒಂದು ಓಣಿಯ ತನಕ ನಡೆದರು. ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಹಮಾಲರನ್ನೇ ನೋಡಿದರು. “ಅಕ್ಕ ಹೇಳ್ತಿದ್ರ್, ಅವ್ರಿಗೆ ಬೆಲ್ಲ ಅಂದ್ರೆ ಜೀವ ಅಂಬ್ರ್” ಎಂದಷ್ಟೇ ಹೇಳಿ ಎದ್ದರು. ಅವರು ತಮ್ಮ ಅಜ್ಜಿಯನ್ನು ಕರೆಯುತ್ತಿದ್ದದ್ದು ಅಕ್ಕ ಅಂತ.

ಇನ್ನು ಉಳಿದಿರುವುದು ಆ ಮುಖ್ತ್ಯಾರನಾಮೆಯ ಮುಂಬಯಿ ಪ್ರತಿಯ ಸುಳಿವು. ಅದರಲ್ಲಿ ಸಾಕ್ಷಿ ಹಾಕಿದವರ ಹೆಸರಿದ್ದರೆ, ಅವರು ನಮ್ಮ ಕಡೆಯವರೇ ಇರಬೇಕು. ಹೆಬ್ಬೆಟ್ಟು ಒತ್ತುವವರ ಗುರುತು ಹೇಳಲು ಪರಿಚಯದವರು ಬೇಕಾಗುತ್ತಿತ್ತಲ್ಲ. ಬರುವ ರಜೆಯಲ್ಲಿ ಅದನ್ನು ಹಿಡಿಯುವ ಆಲೋಚನೆ ಇದೆ. ನಮ್ಮ ಬಳಗದವರ ಯಾರ ಮನೆಯಲ್ಲಾದರೂ 1890ರ ಸುಮಾರಿಗೆ ಮಾಂಡವಿಯಲ್ಲಿ ಇದ್ದ ಹಿರಿಯರ ಮಾತು, ಕಾಗದ, ಗೇಣಿಚೀಟಿ ಏನಿದ್ದರೂ ದಯಮಾಡಿ ತಿಳಿಸಬೇಕು.

ಈ ಸಲದ ಅಮಾವಾಸ್ಯೆಗೆ ಎಷ್ಟು ಎಲೆ ತರಬೇಕೆಂದು ಕೇಳಿದ್ದೇನೆ. ಅಮ್ಮಮ್ಮ ಇನ್ನೂ ಹೇಳಿಲ್ಲ.