ಒಂದಕ್ಕೆ ಐವತ್ತರ ಮನೆ

ಜನವರಿ, ಭಾನುವಾರ, ಬೆಳಗ್ಗೆ ಏಳೂವರೆ. ಛಾವಣಿಯ ಮುಂದಿನ ಇಳಿಜಾರಿನಲ್ಲಿ 14 ಸಾಲು, ಸಾಲಿಗೆ 34 ಹೆಂಚು. ಎರಡನೇ ಸಲ ಎಣಿಸುವಾಗ ಲೆಕ್ಕ ತಪ್ಪಿತು. ಮೂರನೇ ಸಲ ಮತ್ತೆ ಅದೇ 34 ಬಂತು. ಬಲತುದಿಯಲ್ಲಿ ಗೋಡೆ ಮುಗಿದು ಹೆಂಚು ಶುರುವಾಗುವ ಸಂದಿನಿಂದ ಗಂಡು ಗುಬ್ಬಿಯೊಂದು ಹೊರಬಂದು, ನನ್ನನ್ನು ನೋಡಿ ಮತ್ತೆ ಒಳಗೆ ಹೋಯಿತು.

ಬೆಂಗಳೂರಿನ ರಾಮಮೂರ್ತಿ ನಗರ ಅಂದರೆ ಈಗ ರಿಂಗ್ ರೋಡು, ಟಿನ್ ಫ್ಯಾಕ್ಟರಿ ಕಡೆ ಸಾಲುಗಟ್ಟಿದ ಬಸ್ಸು, ನಾಲ್ಕಂತಸ್ತಿನ ಬಾಡಿಗೆ ಮನೆಗಳು. ಕೌದೇನಹಳ್ಳಿ, ಕಲ್ಕೆರೆ, ಹೊರಮಾವುಗಳ ಹಳೇ ಊರಿನ ಬೀದಿಗೆ ತಿರುಗಿದರೆ ಮಾತ್ರ ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ ಕಾಣುತ್ತದೆ. ಅಂಥದ್ದೊಂದನ್ನು ರಟ್ಟಿನಲ್ಲಿ ಕಟ್ಟಬೇಕೆಂದು ಹೊರಟಿದ್ದೆ, ಐವತ್ತರಲ್ಲಿ ಒಂದು ಪಾಲಿನ ಅಳತೆಗೆ. ಮನೆಯ ಒಂದು ಮೀಟರು ನನ್ನ ಮೇಜಿನ ಮೇಲೆ ಎರಡು ಸೆಂಟಿಮೀಟರು.

ಟೇಪು ಬಿಚ್ಚಿದ ಕೂಡಲೇ ಜಗಲಿಯ ಮೇಲಿದ್ದ ಅಜ್ಜಿ ಎದ್ದು ನಿಂತರು. "ಏನಪ್ಪಾ, ರೋಡು ಅಗಲ ಮಾಡ್ತಾರಾ?" ಈ ಕಡೆ ಅಳತೆಗಾರ ಬಂದ ಅಂದರೆ ಒಳ್ಳೆಯದಕ್ಕೆ ಬರುವುದಿಲ್ಲ ಎಂಬುದು ಅವರ ಅನುಭವ. "ಇಲ್ಲ ಅಜ್ಜಿ, ನಿಮ್ಮ ಮನೇನ ರಟ್ಟಲ್ಲಿ ಚಿಕ್ಕದಾಗಿ ಮಾಡ್ತೀನಿ" ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಹಿತ್ತಲ ಕೊಟ್ಟಿಗೇನೂ ಬಿಡಬೇಡ" ಅಂದರು.

ಹೀಗಾಗಿ ಕೊಟ್ಟಿಗೆಯೂ ಸೇರಿತು. ಅದರ ಮೇಲಿರುವುದು ಕುಂಬಾರರು ಮಾಡಿದ, ಅರ್ಧ ಕೊಳವೆಯಂಥ ನಾಡಹೆಂಚು. ತೆಳು ಕಾಗದವನ್ನು ಪೊರಕೆ ಕಡ್ಡಿಗೆ ಸುತ್ತಿ, ಅಂಟು ಒಣಗಿದ ಮೇಲೆ ಉದ್ದಕ್ಕೆ ಸೀಳಿದರೆ ಅದೇ ಆಕಾರ ಸಿಗುತ್ತದೆ. ಮನೆಯ ಮೇಲಿರುವುದು ಮಂಗಳೂರು ಹೆಂಚು. ಒಡೆದು ಬಿದ್ದಿದ್ದ ಒಂದನ್ನು ಅಜ್ಜಿ ಕೊಟ್ಟರು; ಬೆನ್ನಿನ ಮೇಲೆ ಕಾರ್ಖಾನೆಯ ಮುದ್ರೆ ಸವೆದು ಅಕ್ಷರದ ಉಬ್ಬಷ್ಟೇ ಬೆರಳಿಗೆ ಸಿಗುತ್ತದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಇಂಥ ಹೆಂಚಿನ ಮೊದಲ ಕಾರ್ಖಾನೆ ತೆರೆದರು. ನೇತ್ರಾವತಿ ದಂಡೆಯ ಜೇಡಿಮಣ್ಣು ಘಟ್ಟ ಹತ್ತಿ ಈ ಬೀದಿಯವರೆಗೆ ಬಂದಿರಬಹುದು ಅಂದುಕೊಂಡಾಗ ಕೈಯಲ್ಲಿದ್ದ ಚೂರು ಹಗುರ ಅನ್ನಿಸಲಿಲ್ಲ.

ಅದರ ಉದ್ದ ಸುಮಾರು 41 ಸೆಂ.ಮೀ., ಅಗಲ 23.5. ಒಂದರ ಮೇಲೊಂದು ಹೊದ್ದು ಕೂತಾಗ ಹೊರಗೆ ಕಾಣುವುದು 32ಕ್ಕೆ 21ರಷ್ಟು. ಏಣಿ ಹಾಕದೆ ಛಾವಣಿ ಅಳೆಯುವ ದಾರಿ ಇದೇ: ಸಾಲು ಎಣಿಸಿ ಗುಣಿಸಿದರೆ ಇಳಿಜಾರು ನಾಲ್ಕೂವರೆ ಮೀಟರು, ಉದ್ದ ಏಳು ಮೀಟರಿಗೆ ತುಸು ಹೆಚ್ಚು. ಬಾಗಿಲ ಚೌಕಟ್ಟಿನ ಪಕ್ಕ ಅಳೆದರೆ ಮಣ್ಣಿನ ಗೋಡೆ 45 ಸೆಂ.ಮೀ. ದಪ್ಪ. ಮೂರು ಮಿಲಿಮೀಟರಿನ ಸನ್‌ಬೋರ್ಡ್ ಮೂರು ಪದರ ಅಂಟಿಸಿದರೆ ಸರಿಯಾಗಿ ಅಷ್ಟೇ.

ಹೆಂಚಿಗೆ ಐವರಿ ಶೀಟಿನ ಪಟ್ಟಿ. ಇಂಕು ಮುಗಿದ ಬಾಲ್‌ಪೆನ್ನಿನಿಂದ 4.2 ಮಿಲಿಮೀಟರಿಗೊಂದು ಗೆರೆ ಒತ್ತಿ, ಪಟ್ಟಿಯ ಮೇಲೆ ಪಟ್ಟಿ ಹೊದಿಸಬೇಕು. ಎರಡೂ ಕಡೆ ಸೇರಿ 28 ಪಟ್ಟಿ, 952 ಹೆಂಚು. ದಿನಕ್ಕೆ ಎರಡು ಪಟ್ಟಿ ಮಾತ್ರ. ಮೂರನೆಯದಕ್ಕೆ ಕೈ ಹಾಕಿದ ದಿನವೆಲ್ಲ ಗೆರೆ ಓರೆಯಾಯಿತು. ನಡುಮನೆಯ ಗಾಜಿನ ಹೆಂಚಿಗೆ ಮಾತ್ರೆ ಪಟ್ಟಿಯ ಪ್ಲಾಸ್ಟಿಕ್ಕು.

ಫೆಬ್ರವರಿಯಲ್ಲಿ ಎದುರು ಮನೆಯ ತಾರಸಿಯಿಂದ ದಾರ ಬಿಗಿಹಿಡಿದು ನೋಡಿದೆ. ಛಾವಣಿಯ ನೆತ್ತಿ ನೇರವಿಲ್ಲ. ನಡುವೆ ಕಾಲು ಹೆಂಚಿನಷ್ಟು, ಸುಮಾರು 8 ಸೆಂ.ಮೀ. ಕುಸಿದಿದೆ. ತೊಲೆ ಬಾಗಿದ ಕಡೆಗೆ ಜಂತೆ, ರೀಪು, ಹೆಂಚು ಎಲ್ಲವೂ ನಿಧಾನವಾಗಿ ವಾಲಿವೆ. ನನ್ನ ಮಾದರಿಯ ನೆತ್ತಿ ಅಷ್ಟರಲ್ಲಿ ಸ್ಕೇಲಿನಷ್ಟು ನೆಟ್ಟಗೆ ಆಗಿಹೋಗಿತ್ತು. ಬೇರೆಯವರ ಮನೆ ಅದು. ಬಿಚ್ಚಿ, ತೊಲೆಯ ಕಡ್ಡಿಯನ್ನು ಉಪ್ಪುಕಾಗದದಲ್ಲಿ ಒಂದೂವರೆ ಮಿಲಿಮೀಟರು ತಗ್ಗುವಂತೆ ಉಜ್ಜಿ, ಒಂಬತ್ತು ಪಟ್ಟಿ ಹೊಸದಾಗಿ ಮಾಡಿದೆ. ಲೇಸರ್ ಯಂತ್ರಕ್ಕೆ ಕೊಟ್ಟಿದ್ದರೆ ಗಂಟೆಯೊಳಗೆ ಕತ್ತರಿಸಿ ಕೊಡುತ್ತಿತ್ತು. ಆದರೆ ದಾರ ಹಿಡಿದು ನೋಡಿದವನು ಹೇಳದೆ ಯಂತ್ರಕ್ಕೆ ಆ ತಗ್ಗು ಗೊತ್ತಾಗುವುದಿಲ್ಲ.

ಕಟ್ಟಡದ ಮೇಲೆಯೇ ಕಟ್ಟಡದ ಚಿಕ್ಕ ರೂಪ ಮಾಡುವುದು ನಮ್ಮಲ್ಲಿ ಹೊಸತಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯದ ಹೊರಗೋಡೆಯಲ್ಲಿ ಗೇಣುದ್ದದ ಶಿಖರಗಳಿವೆ. ಅಂತಸ್ತು, ಕಳಸ ಯಾವುದೂ ಬಿಟ್ಟುಹೋಗಿಲ್ಲ. ಬಳಪದ ಕಲ್ಲಿನಲ್ಲಿ ಅಷ್ಟು ಸಣ್ಣದನ್ನು ಕೊರೆದವನು ದೊಡ್ಡ ಶಿಖರವನ್ನು ಎಷ್ಟು ದಿನ ನಿಂತು ನೋಡಿರಬೇಕು!

ಏಪ್ರಿಲ್. ಹೊಂಗೆ ಹೂವು ಉದುರಿ ಹೆಂಚಿನ ಕಾಲುವೆಯೆಲ್ಲ ತಿಳಿ ನೇರಳೆ. ಜಗಲಿಯ ಪಕ್ಕದ ದೀಪದ ಗೂಡಿನಲ್ಲಿ ಕಣಜವೊಂದು ಮಣ್ಣಿನ ಗೂಡು ಶುರುಮಾಡಿದೆ. ನಲ್ಲಿಯ ಕೆಳಗಿನ ಒದ್ದೆಮಣ್ಣು ತರಲು ಒಂದು ಗಂಟೆಯಲ್ಲಿ ಒಂಬತ್ತು ಸಲ ಹೋಗಿ ಬಂತು. ಪ್ರತಿ ಉಂಡೆಯೂ ಒಂದು ಬಾಗಿದ ಗೆರೆಯಾಗಿ ಕೂರುತ್ತದೆ. ಒಣಗಿದ್ದು ಬಿಳುಚು, ಹಸಿಯದ್ದು ಕಪ್ಪು. ಕೋಣೆ ಮುಗಿದ ಮೇಲೆ ಜೇಡಗಳನ್ನು ಕುಟುಕಿ, ಕೊಲ್ಲದೆ ಜಡಗೊಳಿಸಿ ತಂದು ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚಿತು. ಮಾದರಿಯಲ್ಲಿ ಆ ಗೂಡು ಸಾಸಿವೆಗಿಂತ ಚಿಕ್ಕದು. ಇಟ್ಟಿದ್ದೇನೆ.

ಬಣ್ಣವೇ ಕಷ್ಟದ ಕೆಲಸ. ಹೊಂಗೆಯ ನೆರಳಿನ ಕಡೆ ಹೆಂಚು ಪಾಚಿ ಒಣಗಿ ಕಪ್ಪು. ಬಿಸಿಲಿನ ಕಡೆ ಕಲ್ಲುಹೂವು ನಾಣ್ಯದಗಲದ ಬೂದು ಚುಕ್ಕೆಗಳಾಗಿ ಹರಡಿದೆ. ಇತ್ತೀಚೆಗೆ ಬದಲಿಸಿದ ಏಳು ಹೆಂಚು ಮಾತ್ರ ಇನ್ನೂ ಕೆಂಪು. ಒಂದೇ ಕೆಂಬಣ್ಣ ಬಳಿದಿದ್ದರೆ ಯಾವ ಮನೆಯೂ ಆಗುತ್ತಿತ್ತು. ಸ್ಪಂಜಿನ ಚೂರಿನಿಂದ ಬೂದು ಒತ್ತುವುದಕ್ಕೇ ಜೂನ್ ಕಳೆಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಮುಗಿದ ಮನೆಯನ್ನು ತಟ್ಟೆಯಲ್ಲಿಟ್ಟು ಅಜ್ಜಿಗೆ ತೋರಿಸಿದೆ. ಅವರು ಮೊದಲು ನೋಡಿದ್ದು ಕೊಟ್ಟಿಗೆ. ಆಮೇಲೆ ಕಿರುಬೆರಳಿನಿಂದ ಬಲತುದಿಯ ಸೂರು ಮುಟ್ಟಿ, "ಗುಬ್ಬಿ ಸಂದು ಮುಚ್ಚಿಬಿಟ್ಟಿದೀಯಲ್ಲಪ್ಪಾ" ಅಂದರು. ನಿಜ. ಅಂಟು ತುಂಬಿಕೊಂಡಿತ್ತು. ಅಲ್ಲೇ ಕೂತು ಸೂಜಿಯಿಂದ ಬಿಡಿಸಿದೆ.

ಬೆಂಗಳೂರಿನ ದಂಡು ಪ್ರದೇಶದ ಬಂಗಲೆಗಳಿಗೆ ಜಾನೆಟ್ ಪಾಟ್ 1977ರಲ್ಲಿ ಒಂದು ಪುಸ್ತಕ ಮಾಡಿಟ್ಟರು. ಅವುಗಳಲ್ಲಿ ಅನೇಕವು ಈಗ ಪುಟಗಳಲ್ಲಷ್ಟೇ ಇವೆ. ನಗರದ ಪೂರ್ವದ ಈ ಹಳ್ಳಿಮನೆಗಳಿಗೂ ಅಷ್ಟು ಗೌರವ ಸಲ್ಲಬೇಕು. ನಿಮ್ಮ ಬೀದಿಯಲ್ಲಿ ಒಂದು ಹೆಂಚಿನ ಮನೆ ಉಳಿದಿದ್ದರೆ ಈ ಭಾನುವಾರ ಟೇಪು ತೆಗೆದುಕೊಂಡು ಹೋಗಿ. ಮನೆಯವರನ್ನು ಕೇಳಿ, ಬಾಗಿಲ ಅಗಲದಿಂದ ಶುರುಮಾಡಿ, ಹೆಂಚು ಎಣಿಸಿ ಬರೆದಿಡಿ.